ಹಳೆಯ ಲೋಹದ ನೀರಿನ ಪೈಪಿನಲ್ಲಿ ಜಾಯಿಂಟ್ ಸೋರಿದರೆ: ಪತ್ತೆ ಹಚ್ಚುವುದರಿಂದ ಪರೀಕ್ಷೆಯವರೆಗೆ

ಜಾಯಿಂಟ್ ಸೋರುತ್ತಿದೆ ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಒಂದೇ: ರೆಂಚ್ ತಂದು ಇನ್ನೊಂದು ಸುತ್ತು ಬಿಗಿ ಮಾಡೋಣ. ಹೊಸ ಪೈಪಿನಲ್ಲಾದರೆ ಅದು ನಡೆಯುತ್ತದೆ. ಮೂವತ್ತು ನಲವತ್ತು ವರ್ಷ ಹಳೆಯ ಪೈಪಿನಲ್ಲಿ ನೀವು ಹಾಕಿದ ಬಲ ಆ ಜಾಯಿಂಟಿನಲ್ಲೇ ನಿಲ್ಲುವುದಿಲ್ಲ. ಪೈಪಿನ ಉದ್ದಕ್ಕೂ ಸಾಗಿ, ಗೋಡೆಯೊಳಗಿರುವ ಮುಂದಿನ ಎಲ್ಬೋವನ್ನು (ಪೈಪಿನ ದಾರಿ ತಿರುಗಿಸುವ ಮೊಣಕೈ ಆಕಾರದ ತುಂಡು) ಅಲುಗಿಸುತ್ತದೆ. ಕಾಣುವ ಸೋರಿಕೆ ನಿಲ್ಲುತ್ತದೆ, ಕಾಣದ ಸೋರಿಕೆ ಶುರುವಾಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮುಖ್ಯವಾದದ್ದು ತೋಳಿನ ಬಲ ಅಲ್ಲ. ಆ ಬಲ ಎಲ್ಲಿಗೆ ಹೋಗಬಾರದು ಅನ್ನುವ ಲೆಕ್ಕಾಚಾರ.

ಮೊದಲು ಪೈಪ್ ಯಾವುದು ಅಂತ ನೋಡಿ

ಒಂದು ಆಯಸ್ಕಾಂತ ಮತ್ತು ಒಂದು ನಾಣ್ಯ ಸಾಕು. ಆಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡರೆ ಅದು ಜಿಐ ಪೈಪ್, ಅಂದರೆ ಸತುವಿನ ಲೇಪನವಿರುವ ಕಬ್ಬಿಣ ಅಥವಾ ಉಕ್ಕು. ಅಂಟದಿದ್ದರೆ ನಾಣ್ಯದಿಂದ ಸ್ವಲ್ಪ ಕೆರೆಯಿರಿ. ಕೆಂಪು ಬಣ್ಣ ಕಂಡರೆ ತಾಮ್ರ. ಹಳದಿ ಕಂಡರೆ ಹಿತ್ತಾಳೆ. ಪೈಪ್ ಮೆತ್ತಗಿದ್ದು, ಕೆರೆದ ಜಾಗ ಬೆಳ್ಳಿಯಂತೆ ಹೊಳೆದರೆ ಅದು ಸೀಸ. ಸೀಸದ ಪೈಪಿನ ಜಾಯಿಂಟ್ ರಿಪೇರಿ ಮಾಡಲು ಹೋಗಬೇಡಿ. ಕುಡಿಯುವ ನೀರಿಗೆ ಸೀಸ ವಿಷ, ಅದನ್ನು ಪೂರ್ತಿ ಬದಲಾಯಿಸುವುದೊಂದೇ ದಾರಿ.

ಹಳೆಯ ಮನೆಗಳಲ್ಲಿ ಜಾಸ್ತಿ ಸಿಗುವುದು ಜಿಐ. ಅದರ ಬಲಹೀನ ಜಾಗ ಯಾವತ್ತೂ ಥ್ರೆಡ್, ಅಂದರೆ ತುದಿಯಲ್ಲಿ ಕೊರೆದ ಸ್ಕ್ರೂ ಗೆರೆಗಳು. ಯಾಕೆಂದರೆ ಥ್ರೆಡ್ ಕೊರೆಯುವಾಗ ಎರಡು ನಷ್ಟ ಆಗುತ್ತದೆ. ಪೈಪಿನ ಗೋಡೆ ತೆಳ್ಳಗಾಗುತ್ತದೆ, ಜೊತೆಗೆ ಸತುವಿನ ಲೇಪನವೂ ಕಿತ್ತುಹೋಗುತ್ತದೆ. ತುಕ್ಕು ಅಲ್ಲಿಂದಲೇ ಶುರು. ಪೈಪಿನ ಹೊರಗೆ ಪೇಂಟ್ ಚೆನ್ನಾಗಿದ್ದರೂ ಒಳಗೆ ತುಕ್ಕು ಗಂಟು ಗಂಟಾಗಿ ಬೆಳೆದು ದಾರಿ ಅರ್ಧ ಮುಚ್ಚಿರಬಹುದು.

ಸೋರುವುದು ನಿಜವಾಗಿ ಎಲ್ಲಿಂದ?

ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಅಂತ ನಂಬಬೇಡಿ. ನೀರು ಪೈಪಿನ ಕೆಳಮೈಗೆ ಅಂಟಿಕೊಂಡು ದೂರ ಹರಿದು, ಯಾವುದೋ ಎಲ್ಬೋದ ತುದಿಯಲ್ಲಿ ಹನಿ ಹಾಕುತ್ತದೆ. ಇಡೀ ಪೈಪನ್ನು ಬಟ್ಟೆಯಿಂದ ಒಣಗಿಸಿ. ಆಮೇಲೆ ಟಿಶ್ಯೂ ಪೇಪರ್ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೊಂದೇ ಜಾಯಿಂಟಿಗೆ ಒತ್ತುತ್ತಾ ಬನ್ನಿ. ಮೊದಲು ಒದ್ದೆಯಾದ ಜಾಗವೇ ನಿಮಗೆ ಬೇಕಾದದ್ದು. ತುಂಬಾ ನಿಧಾನವಾಗಿ ಜಿನುಗುತ್ತಿದ್ದರೆ ಪೈಪಿನ ಮೇಲೆ ಸೀಮೆಸುಣ್ಣ ಉಜ್ಜಿಬಿಡಿ. ಒದ್ದೆಯಾದ ಗೆರೆ ಗಾಢ ಬಣ್ಣದಲ್ಲಿ ಎದ್ದು ಕಾಣುತ್ತದೆ.

ತಣ್ಣೀರಿನ ಪೈಪ್ ಇಡೀ ಉದ್ದಕ್ಕೂ ಸಮನಾಗಿ ಒದ್ದೆಯಾಗಿದ್ದರೆ ಅದು ಸೋರಿಕೆ ಅಲ್ಲದೆಯೂ ಇರಬಹುದು. ಗಾಳಿಯ ತೇವ ತಣ್ಣನೆಯ ಲೋಹದ ಮೇಲೆ ನೀರಾಗಿ ಕೂತಿರುತ್ತದೆ ಅಷ್ಟೇ.

ಗೋಡೆಯೊಳಗೆ ಸೋರುತ್ತಿದೆಯಾ ಅನ್ನುವ ಅನುಮಾನವಿದ್ದರೆ ಮನೆಯ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ಮುಳ್ಳು ತಿರುಗುತ್ತಲೇ ಇದ್ದರೆ ನೀರು ಎಲ್ಲೋ ಹೋಗುತ್ತಿದೆ ಅಂತ ಅರ್ಥ. ಸಣ್ಣ ಹನಿಯೇ ಅಲ್ವಾ ಅಂತ ಬಿಡುವವರಿಗೆ ಒಂದು ಲೆಕ್ಕ: ಸುಮಾರು 20 ಹನಿ ಸೇರಿದರೆ 1 ಮಿಲಿ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 4 ಲೀಟರಿಗೂ ಜಾಸ್ತಿ. ಆ ನೀರೆಲ್ಲ ಗೋಡೆ ಕುಡಿಯುತ್ತಿದ್ದರೆ?

ಇನ್ನೂ ಒಂದು ಪರೀಕ್ಷೆ ಇದೆ, ಇದನ್ನು ಬಿಡಬೇಡಿ. ಜಾಯಿಂಟಿನ ಪಕ್ಕದ ಪೈಪನ್ನು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಕುಟ್ಟಿ, ಕೆರೆಯಿರಿ. ಗಟ್ಟಿ ಲೋಹ ಸಿಕ್ಕರೆ ಕೆಲಸ ಮುಂದುವರಿಸಬಹುದು. ಪದರ ಪದರವಾಗಿ ಉದುರಿದರೆ, ರೆಂಚ್ ಹಾಕಿದ ಕ್ಷಣವೇ ಪೈಪ್ ಥ್ರೆಡ್ ಹತ್ತಿರ ಮುರಿಯುವ ಸಂಭವ ಜಾಸ್ತಿ. ಆಗ ಬದಲಿ ಸಾಮಾನು ಪಕ್ಕದಲ್ಲಿಟ್ಟುಕೊಂಡೇ ಕೈ ಹಾಕಿ.

ನೀರು ನಿಲ್ಲಿಸಿ, ಅರ್ತಿಂಗ್ ನೋಡಿಕೊಳ್ಳಿ

ಮೇನ್ ವಾಲ್ವ್ ಮುಚ್ಚಿ. ಹಳೆಯ ಗೇಟ್ ವಾಲ್ವ್ ವರ್ಷಗಟ್ಟಲೆ ತಿರುಗಿಸದೆ ಹಿಡಿದುಕೊಂಡಿರುತ್ತದೆ. ಜೋರಾಗಿ ತಿರುಗಿಸಿದರೆ ಒಳಗಿನ ಕಡ್ಡಿ ಮುರಿಯುತ್ತದೆ. ಎಣ್ಣೆ ಬಿಟ್ಟು ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಆಡಿಸುತ್ತಾ ಸಡಿಲ ಮಾಡಿ. ಆಮೇಲೆ ಮನೆಯ ಅತಿ ಕೆಳಗಿನ ನಲ್ಲಿ ತೆರೆಯಿರಿ. ಮೇಲಿನ ನಲ್ಲಿಯನ್ನೂ ತೆರೆಯಿರಿ, ಇಲ್ಲದಿದ್ದರೆ ಗಾಳಿ ಒಳಗೆ ಹೋಗದೆ ಪೈಪಿನಲ್ಲಿ ನೀರು ನಿಂತೇ ಇರುತ್ತದೆ. ಗೀಸರ್ ಇದ್ದರೆ ಸ್ವಿಚ್ ಆಫ್ ಮಾಡಿಡಿ. ನೀರಿಲ್ಲದೆ ಕಾಯಿಸಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಈಗ ಕರೆಂಟಿನ ವಿಷಯ. ಎಷ್ಟೋ ಹಳೆಯ ಮನೆಗಳಲ್ಲಿ ಲೋಹದ ನೀರಿನ ಪೈಪನ್ನೇ ಅರ್ತಿಂಗಿಗೆ ಬಳಸಿರುತ್ತಾರೆ. ಪೈಪಿಗೆ ಕ್ಲ್ಯಾಂಪ್ ಹಾಕಿ ಹಸಿರು ತಂತಿಯೋ ಬರಿಯ ತಾಮ್ರದ ತಂತಿಯೋ ಕಟ್ಟಿದ್ದು ಕಂಡರೆ ಅಲ್ಲೇ ನಿಲ್ಲಿ. ಅಂಥ ಪೈಪ್ ಕತ್ತರಿಸಿದರೆ, ಅಥವಾ ನಡುವೆ ಪ್ಲಾಸ್ಟಿಕ್ ತುಂಡು ಸೇರಿಸಿದರೆ ಮನೆಯ ಅರ್ತಿಂಗ್ ತುಂಡಾಗುತ್ತದೆ. ಎಲ್ಲಾದರೂ ಕರೆಂಟ್ ಲೀಕ್ ಆಗುತ್ತಿದ್ದರೆ, ಕತ್ತರಿಸಿದ ಎರಡು ತುದಿ ಹಿಡಿದ ನಿಮ್ಮ ಕೈಗಳ ಮೂಲಕವೇ ಅದು ಹರಿಯುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಅರ್ತಿಂಗ್ ಮಾಡಿಸಿ. ಈ ವಿಷಯದಲ್ಲಿ ಧೈರ್ಯ ತೋರಿಸಬೇಡಿ.

ಬೇಕಾದ ಸಾಮಾನು

ಎರಡು ಪೈಪ್ ರೆಂಚ್, ಒಂದಲ್ಲ. ಅರ್ಧ ಇಂಚು, ಮುಕ್ಕಾಲು ಇಂಚಿನ ಪೈಪಿಗೆ 14 ಇಂಚು ಉದ್ದದ್ದು ಸಾಕು. ವೈರ್ ಬ್ರಷ್, ಹ್ಯಾಕ್ಸಾ, ಅರ, ಸುತ್ತಿಗೆ, ತುಕ್ಕು ಬಿಡಿಸುವ ಎಣ್ಣೆ, ಟೆಫ್ಲಾನ್ ಟೇಪ್, ಸಣಬಿನ ನಾರು, ಕುಡಿಯುವ ನೀರಿಗೆ ಆಗುವ ಥ್ರೆಡ್ ಪೇಸ್ಟ್. ಜೊತೆಗೆ ಆ ಅಳತೆಯ ಒಂದು ಯೂನಿಯನ್ (ನಡುವೆ ದೊಡ್ಡ ನಟ್ ಇದ್ದು, ಪೈಪ್ ತಿರುಗಿಸದೆಯೇ ಬಿಚ್ಚಿ ಸೇರಿಸಬಹುದಾದ ಜೋಡಣೆ), ಎರಡು ಮೂರು ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪ್ ತುಂಡು), ಒಂದು ಪ್ಲಗ್. ಪ್ಲಗ್ ಯಾಕೆ ಅಂದರೆ, ಕೆಲಸ ನಡುವೆ ಕೆಟ್ಟರೆ ಆ ತುದಿ ಮುಚ್ಚಿ ಉಳಿದ ಮನೆಗೆ ನೀರು ಬಿಡಬಹುದು.

ಅಳತೆಯಲ್ಲಿ ಹುಷಾರು. ಅರ್ಧ ಇಂಚಿನ ಪೈಪ್ ಅಂದರೆ ಹೊರಗಿನ ಅಡ್ಡಳತೆ ಅರ್ಧ ಇಂಚು ಅಲ್ಲ, ಸುಮಾರು 21 ಮಿ.ಮೀ. ಮುಕ್ಕಾಲು ಇಂಚಿನದು ಸುಮಾರು 27 ಮಿ.ಮೀ., ಒಂದು ಇಂಚಿನದು ಸುಮಾರು 34 ಮಿ.ಮೀ. ಥ್ರೆಡ್‌ನಲ್ಲೂ ಎರಡು ಜಾತಿ ಇದೆ: ಬ್ರಿಟಿಷ್ ಮಾನಕದ ಬಿಎಸ್‌ಪಿ, ಅಮೆರಿಕನ್ ಮಾನಕದ ಎನ್‌ಪಿಟಿ. ಬಿಎಸ್‌ಪಿ ಥ್ರೆಡ್‌ನ ಕೋನ 55 ಡಿಗ್ರಿ, ಎನ್‌ಪಿಟಿ ಥ್ರೆಡ್‌ನದು 60 ಡಿಗ್ರಿ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಥ್ರೆಡ್. ಹಾಗಾಗಿ ಒಂದರೊಳಗೆ ಇನ್ನೊಂದು ಕೂತಂತೆ ಕಾಣುತ್ತದೆ, ಆದರೆ ಸೋರುತ್ತದೆ. ಬಿಚ್ಚಿದ ಹಳೆಯ ತುಂಡನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ ಹೊಂದಿಸಿ ನೋಡುವುದು ವಾಸಿ.

ಮೊದಲ ಪ್ರಯತ್ನ: ಎಂಟನೇ ಒಂದು ಸುತ್ತು

ಪೈಪ್ ಗಟ್ಟಿಯಿದ್ದು, ಸೋರಿಕೆ ಬರೀ ಜಿನುಗುವಷ್ಟಿದ್ದರೆ ಬಿಗಿ ಮಾಡಿ ನೋಡಬಹುದು. ಒಂದು ರೆಂಚಿನಿಂದ ಎಲ್ಬೋ ಅಥವಾ ಸಾಕೆಟ್ (ಎರಡು ಪೈಪ್ ನೇರವಾಗಿ ಸೇರಿಸುವ ತುಂಡು) ಹಿಡಿಯಿರಿ, ಇನ್ನೊಂದರಿಂದ ಪೈಪ್ ತಿರುಗಿಸಿ. ಎರಡನೇ ರೆಂಚ್ ಇರುವುದೇ ಬಲ ಮುಂದಿನ ಜಾಯಿಂಟಿಗೆ ಹೋಗದಂತೆ ತಡೆಯಲು. ರೆಂಚಿನ ಬಾಯಿ ನೀವು ತಿರುಗಿಸುವ ದಿಕ್ಕಿಗೆ ತೆರೆದಿರಬೇಕು, ಆಗಲೇ ಅದು ಕಚ್ಚಿ ಹಿಡಿಯುತ್ತದೆ.

ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ಅಷ್ಟಕ್ಕೆ ನಿಲ್ಲದಿದ್ದರೆ ಬಿಟ್ಟುಬಿಡಿ. ಥ್ರೆಡ್ ಒಳಗೇ ಕೊರೆದುಹೋಗಿದೆ ಅಂತ ಅರ್ಥ, ಇನ್ನಷ್ಟು ಬಿಗಿದರೆ ಫಿಟ್ಟಿಂಗ್ (ಎಲ್ಬೋ, ಸಾಕೆಟ್ ಥರದ ಜೋಡಣೆಯ ತುಂಡು) ಸೀಳುತ್ತದೆ. ಒಂದು ವಿಷಯ ಗಮನಿಸಿ: ಪೈಪಿನ ಈ ತುದಿ ಬಿಗಿಯಾಗುವಾಗ ಆ ತುದಿ ಅದೇ ಅಳತೆಗೆ ಸಡಿಲವಾಗುತ್ತದೆ. ಯಾಕೆಂದರೆ ಎರಡೂ ತುದಿಯ ಥ್ರೆಡ್ ಒಂದೇ ಜಾತಿಯದು. ಆ ತುದಿ ಗೋಡೆಯೊಳಗಿದ್ದರೆ ಪೈಪ್ ತಿರುಗಿಸುವ ಈ ಪ್ರಯತ್ನವೇ ಬೇಡ.

ಬಿಚ್ಚುವುದು

ಕೆಲಸದ ಹೆಚ್ಚು ಹೊತ್ತು ಇಲ್ಲೇ ಹೋಗುತ್ತದೆ, ಹೋಗಬೇಕು ಕೂಡ. ವೈರ್ ಬ್ರಷ್‌ನಿಂದ ಜಾಯಿಂಟಿನ ಸುತ್ತ ತುಕ್ಕು, ಹಳೆಯ ಪೇಂಟ್ ಎಲ್ಲ ಉಜ್ಜಿ ತೆಗೆಯಿರಿ. ಎಣ್ಣೆ ಹಾಕಿ ಕೆಲವು ಗಂಟೆ ಬಿಡಿ, ನಡುನಡುವೆ ಮತ್ತೆ ಹಾಕಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಫಿಟ್ಟಿಂಗಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕದಿಂದ ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ. ಹಿಂದೆ ಆನಿಕೆ ಇಲ್ಲದೆ ಕುಟ್ಟಿದರೆ ಪೆಟ್ಟೆಲ್ಲ ಪೈಪಿಗೇ ಹೋಗುತ್ತದೆ. ತಟ್ಟಿದಾಗ ಥ್ರೆಡ್ ನಡುವಿನ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ.

ಬಿಚ್ಚುವ ಮೊದಲು ಅರೆಕ್ಷಣ ಬಿಗಿಯುವ ದಿಕ್ಕಿಗೆ ಸ್ವಲ್ಪ ಒತ್ತಿ ನೋಡಿ. ವಿಚಿತ್ರ ಅನಿಸಬಹುದು, ಆದರೆ ಹಿಡಿತ ಮುರಿಯಲು ಎಷ್ಟೋ ಸಲ ಇದೇ ಸಾಕು. ಆಮೇಲೆ ಉಲ್ಟಾ ತಿರುಗಿಸಿ. ಕುಲುಕಿ ಎಳೆಯಬೇಡಿ, ನಿಧಾನವಾಗಿ ಭಾರ ಹಾಕಿ.

ಅದಕ್ಕೂ ಬಗ್ಗದಿದ್ದರೆ ಬಿಸಿ. ಹೀಟ್ ಗನ್‌ನಿಂದ ಪೈಪಲ್ಲ, ಹೊರಗಿನ ಫಿಟ್ಟಿಂಗ್ ಬಿಸಿ ಮಾಡಿ. ಅದು ಹಿಗ್ಗಿ ಥ್ರೆಡ್ ಸಡಿಲವಾಗುತ್ತದೆ. ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿಯ ಜ್ವಾಲೆ ಹಿಡಿಯಬೇಡಿ, ಹತ್ತಿಕೊಳ್ಳುತ್ತದೆ. ಸತುವಿನ ಲೇಪನವನ್ನು ವಿಪರೀತ ಕಾಯಿಸಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದರೆ ಜ್ವರ, ಚಳಿ ಬರುತ್ತದೆ. ಹಳೆಯ ಟೆಫ್ಲಾನ್ ಟೇಪ್ ಸುಟ್ಟ ಹೊಗೆಯೂ ಒಳ್ಳೆಯದಲ್ಲ. ಕಿಟಕಿ ತೆರೆದಿಡಿ. ಕೈ ತಾಗಿಸಲು ಆಗದಷ್ಟು ಬಿಸಿ ಸಾಕು, ಲೋಹ ಕೆಂಪಾಗುವುದು ಬೇಡ.

ಪೈಪ್ ಒಳಗೇ ಮುರಿದು, ಥ್ರೆಡ್‌ನ ತುಂಡು ಎಲ್ಬೋದಲ್ಲೇ ಉಳಿದರೆ ಗಾಬರಿ ಬೀಳಬೇಡಿ. ಹ್ಯಾಕ್ಸಾ ಬ್ಲೇಡ್ ಒಂದನ್ನೇ ಬಟ್ಟೆ ಸುತ್ತಿ ಹಿಡಿದು, ಆ ತುಂಡಿನ ಒಳಮೈಯಲ್ಲಿ ಹತ್ತಿರ ಹತ್ತಿರ ಎರಡು ಗೀರು ಕೊಯ್ಯಿರಿ. ಎಲ್ಬೋದ ಥ್ರೆಡ್ ಮುಟ್ಟುವ ಮೊದಲೇ ನಿಲ್ಲಿಸಿ. ಎರಡು ಗೀರಿನ ನಡುವಿನ ಪಟ್ಟಿಯನ್ನು ಸಣ್ಣ ಚಾಣದಿಂದ ಒಳಕ್ಕೆ ಮಡಚಿದರೆ ಉಳಿದ ಉಂಗುರ ತಾನೇ ಸಡಿಲವಾಗಿ ಬರುತ್ತದೆ.

ನಡುವಿನ ಪೈಪ್ ಆದರೆ ಕತ್ತರಿಸಲೇಬೇಕು

ಎರಡು ಫಿಟ್ಟಿಂಗುಗಳ ನಡುವೆ ಸಿಕ್ಕಿಕೊಂಡ ಪೈಪನ್ನು ಸುಮ್ನೆ ತಿರುಗಿಸಿ ತೆಗೆಯಲು ಆಗುವುದಿಲ್ಲ. ಒಂದು ಕಡೆ ಬಿಚ್ಚುವಾಗ ಇನ್ನೊಂದು ಕಡೆ ಬಿಗಿಯಾಗುತ್ತಾ ಹೋಗುತ್ತದೆ. ಹತ್ತಿರದಲ್ಲಿ ಯೂನಿಯನ್ ಇದ್ದರೆ ಅದನ್ನು ಬಿಚ್ಚಿ, ಕೆಲಸ ಅರ್ಧ ಮುಗಿದಂತೆ. ಇಲ್ಲದಿದ್ದರೆ ಪೈಪನ್ನು ನಡುವೆ ಹ್ಯಾಕ್ಸಾದಿಂದ ಕತ್ತರಿಸಿ, ಎರಡು ತುಂಡನ್ನೂ ಬೇರೆ ಬೇರೆಯಾಗಿ ಬಿಚ್ಚಿ ತೆಗೆಯಿರಿ. ಕತ್ತರಿಸುವಾಗ ಪೈಪಿಗೆ ಎರಡೂ ಕಡೆ ಕೆಳಗಿನಿಂದ ಆನಿಕೆ ಕೊಡಿ. ಜೋತುಬಿದ್ದರೆ ಆ ಭಾರ ಮತ್ತೆ ದೂರದ ಜಾಯಿಂಟಿಗೇ.

ಆ ಜಾಗಕ್ಕೆ ಬರುವುದು ಎರಡು ಹೊಸ ತುಂಡು ಮತ್ತು ನಡುವೆ ಒಂದು ಯೂನಿಯನ್. ಉದ್ದದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಎರಡು ಫಿಟ್ಟಿಂಗುಗಳ ಬಾಯಿಯ ನಡುವಿನ ದೂರ ಮಾತ್ರ ಅಳೆದರೆ ಸಾಲದು, ಪೈಪ್ ಒಳಗೆ ಹೋಗುವ ಭಾಗವನ್ನೂ ಸೇರಿಸಬೇಕು. ಅರ್ಧ ಇಂಚಿನ ಪೈಪ್ ಪ್ರತಿ ತುದಿಯಲ್ಲಿ ಸುಮಾರು 13 ಮಿ.ಮೀ. ಒಳಗೆ ಹೋಗುತ್ತದೆ. ನನ್ನ ಕೇಳಿದರೆ, ಲೆಕ್ಕಕ್ಕಿಂತ ಸುಲಭದ ದಾರಿ ಬೇರೆ ಇದೆ. ಮೊದಲ ತುಂಡನ್ನು ಅದರ ಜಾಗಕ್ಕೆ ಬಿಗಿದು, ಯೂನಿಯನ್ನಿನ ಅರ್ಧವನ್ನು ಅದಕ್ಕೆ ಹಾಕಿ. ಇನ್ನರ್ಧವನ್ನು ಎದುರಿಗೆ ಹಿಡಿದು, ಉಳಿದ ದೂರವನ್ನು ಅಲ್ಲೇ ಅಳೆದು ಎರಡನೇ ತುಂಡು ಮಾಡಿಸಿ.

ಯೂನಿಯನ್ನಿನ ದೊಡ್ಡ ನಟ್ ಅನ್ನು ಪೈಪಿಗೆ ಮೊದಲೇ ತೂರಿಸಿಡಿ. ಇದನ್ನು ಮರೆತರೆ ಬಿಗಿದದ್ದೆಲ್ಲ ಬಿಚ್ಚಬೇಕು. ಆ ನಟ್ಟಿನ ಥ್ರೆಡ್‌ಗೆ ಟೇಪ್ ಸುತ್ತಬೇಡಿ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ಒಳಗೆ ಒಂದಕ್ಕೊಂದು ಕೂರುವ ಎರಡು ನುಣುಪು ಮುಖಗಳು. ಅವನ್ನು ಬಟ್ಟೆಯಿಂದ ಒರೆಸಿ, ಮರಳಿನ ಕಣವೂ ಇರಬಾರದು. ಎರಡು ಪೈಪ್ ನೇರವಾಗಿ ಎದುರುಬದುರಾಗಿರಬೇಕು. ಓರೆಯಿದ್ದುದನ್ನು ನಟ್ಟಿನಿಂದ ಎಳೆದು ಸರಿಮಾಡಲು ಹೋದರೆ ಯೂನಿಯನ್ ಯಾವತ್ತೂ ಜಿನುಗುತ್ತಲೇ ಇರುತ್ತದೆ.

ಥ್ರೆಡ್‌ಗೆ ಟೇಪೋ, ಸಣಬೋ?

ಹೊಸ ಥ್ರೆಡ್ ಎರಡೂ ಕಡೆ ಇದ್ದರೆ ಟೆಫ್ಲಾನ್ ಟೇಪ್ ಸಾಕು. ಒಂದು ಕಡೆ ಹಳೆಯ, ತುಕ್ಕು ತಿಂದ ಥ್ರೆಡ್ ಇದ್ದರೆ ನನ್ನ ಮತ ಸಣಬಿಗೆ. ನೀರು ತಾಗಿದಾಗ ನಾರು ಉಬ್ಬಿಕೊಂಡು ಗುಳಿಗಳನ್ನು ತುಂಬುತ್ತದೆ. ಟೇಪಿಗೆ ಆ ಗುಣ ಇಲ್ಲ.

ಯಾವುದೇ ಆಗಲಿ, ಮೊದಲು ಹಳೆಯದನ್ನೆಲ್ಲ ಕೆರೆದು ತೆಗೆಯಿರಿ. ಹೆಣ್ಣು ಥ್ರೆಡ್ (ಫಿಟ್ಟಿಂಗಿನ ಒಳಮೈಯ ಥ್ರೆಡ್) ಒಳಗೂ ಬ್ರಷ್ ಹಾಕಿ. ಹಳೆಯ ಜಾಯಿಂಟ್‌ಗಳಲ್ಲಿ ಕೆಂಪು ಅಥವಾ ಬಿಳಿ ಸೀಸದ ಪೇಸ್ಟ್ ಇರಬಹುದು. ಒಣಗಿದ ಪುಡಿ ಹಾರಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಕೈ ತೊಳೆಯಿರಿ.

ಟೇಪ್ ಸುತ್ತುವ ದಿಕ್ಕು: ಪೈಪಿನ ಥ್ರೆಡ್ ತುದಿ ನಿಮ್ಮ ಮುಖಕ್ಕೆ ಎದುರಾಗಿರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಮೊದಲ ಥ್ರೆಡ್ ಖಾಲಿ ಬಿಡಿ, ಇಲ್ಲದಿದ್ದರೆ ಟೇಪಿನ ಚೂರು ಹರಿದುಹೋಗಿ ನಲ್ಲಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಥ್ರೆಡ್‌ನ ಗೆರೆ ಟೇಪಿನ ಮೇಲೂ ಎದ್ದು ಕಾಣುವಷ್ಟು ಎಳೆದು ಸುತ್ತಿ. ಅರ್ಧ ಇಂಚಿಗೆ ತೆಳು ಟೇಪಾದರೆ 6ರಿಂದ 8 ಸುತ್ತು, ದಪ್ಪನೆಯದಾದರೆ 3–4 ಸಾಮಾನ್ಯವಾಗಿ ಸಾಕು.

ಸಣಬಾದರೆ ಕೆಲವೇ ಎಳೆ ಬಿಡಿಸಿಕೊಳ್ಳಿ. ನಯವಾದ ಹೊಸ ಥ್ರೆಡ್ ಮೇಲೆ ನಾರು ಜಾರುತ್ತದೆ, ಹ್ಯಾಕ್ಸಾ ಬ್ಲೇಡಿನಿಂದ ಅಲ್ಲಲ್ಲಿ ಗೀರಿ ಒರಟು ಮಾಡಿ. ಅದೇ ದಿಕ್ಕಿಗೆ, ಥ್ರೆಡ್‌ನ ಸಂದಿಗೆ ಕೂರುವಂತೆ ತೆಳ್ಳಗೆ ಸುತ್ತಿ, ಮೇಲೆ ಪೇಸ್ಟ್ ಸವರಿ. ಜಾಸ್ತಿ ಸುತ್ತಿದರೆ ಬಿಗಿಯುವಾಗ ಎಲ್ಲ ಹೊರಗೆ ತಳ್ಳಿಕೊಂಡು ಬರುತ್ತದೆ.

ಬಿಗಿಯುವಾಗ ಮೊದಲು ಕೈಯಲ್ಲೇ ತಿರುಗಿಸಿ. ಮೂರ್ನಾಲ್ಕು ಥ್ರೆಡ್ ಕೈಯಲ್ಲೇ ಸರಾಗವಾಗಿ ಹೋಗಬೇಕು, ಹೋಗದಿದ್ದರೆ ಅಡ್ಡ ಕಚ್ಚಿಕೊಂಡಿದೆ, ತೆಗೆದು ಮತ್ತೆ ಹಾಕಿ. ಆಮೇಲೆ ಎರಡು ರೆಂಚ್ ಹಿಡಿದು ಒಂದೂವರೆ ಎರಡು ಸುತ್ತು. ಹೊರಗೆ ಎರಡು ಮೂರು ಥ್ರೆಡ್ ಕಾಣುತ್ತಿರಬೇಕು. ಎಲ್ಲವೂ ಒಳಗೆ ಹೋದರೆ ಥ್ರೆಡ್ ಸವೆದಿದೆ ಅಂತ ತಿಳಿಯಿರಿ.

ಎಲ್ಬೋದ ಬಾಯಿ ಬೇಕಾದ ದಿಕ್ಕಿಗಿಂತ ಸ್ವಲ್ಪ ಮುಂದೆ ಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ. ಟೇಪ್ ಹಾಕಿದ ಜಾಯಿಂಟ್ ಹಿಂದಕ್ಕೆ ಬಂದರೆ ಸೋರುವುದು ಹೆಚ್ಚುಕಡಿಮೆ ಖಚಿತ. ಬಿಚ್ಚಿ, ಹೊಸ ಟೇಪ್ ಸುತ್ತಿ ಮತ್ತೆ ಹಾಕಿ.

ತಾಮ್ರದ ಬೆಸುಗೆ ಜಾಯಿಂಟ್

ಸೋರುವ ಬೆಸುಗೆಯ ಮೇಲೆ ಇನ್ನಷ್ಟು ಬೆಸುಗೆ ಸುರಿದರೆ ನಿಲ್ಲುವುದಿಲ್ಲ. ಜಾಯಿಂಟ್ ಬಿಸಿ ಮಾಡಿ ಬಿಚ್ಚಿ, ಎರಡು ಮೈಯನ್ನೂ ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಫ್ಲಕ್ಸ್ (ಬೆಸುಗೆ ಹತ್ತಲು ಹಚ್ಚುವ ಪೇಸ್ಟ್) ಸವರಿ ಮತ್ತೆ ಸೇರಿಸಬೇಕು. ಜ್ವಾಲೆ ಫಿಟ್ಟಿಂಗಿಗೆ, ಬೆಸುಗೆ ತಂತಿ ಜ್ವಾಲೆಯ ಎದುರು ಪಕ್ಕದ ಅಂಚಿಗೆ. ಲೋಹದ ಬಿಸಿಗೇ ತಂತಿ ಕರಗಿ ಸಂದಿಯೊಳಗೆ ಎಳೆದುಕೊಳ್ಳಬೇಕು. ಆರುವವರೆಗೆ ಅಲುಗಿಸಬೇಡಿ. ಸೀಸವಿಲ್ಲದ ಬೆಸುಗೆಯನ್ನೇ ತನ್ನಿ.

ಪೈಪಿನಲ್ಲಿ ಒಂದು ಎಳೆ ನೀರು ಹರಿಯುತ್ತಿದ್ದರೂ ಬೆಸುಗೆ ಹತ್ತುವುದಿಲ್ಲ. ನೀರು ಇರುವಷ್ಟು ಹೊತ್ತು ಲೋಹ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸೀಸವಿಲ್ಲದ ಬೆಸುಗೆ ಕರಗಲು 220 ಡಿಗ್ರಿಯಷ್ಟಾದರೂ ಬೇಕು. ಮೇನ್ ವಾಲ್ವ್ ಪೂರ್ತಿ ಮುಚ್ಚದ ಮನೆಗಳಲ್ಲಿ ಕಂಪ್ರೆಷನ್ ಫಿಟ್ಟಿಂಗ್ ಹಾಕುವುದೇ ಜಾಣತನ. ನಟ್, ಒಳಗೊಂದು ಹಿತ್ತಾಳೆ ಉಂಗುರ, ಬೆಂಕಿಯ ಕೆಲಸ ಇಲ್ಲ. ಅದು ಜಿನುಗಿದರೆ ಎಂಟನೇ ಒಂದು ಸುತ್ತು ಬಿಗಿ ಮಾಡಿ. ಜಾಸ್ತಿ ಬಿಗಿದರೆ ಉಂಗುರ ಪೈಪನ್ನೇ ಹಿಚುಕುತ್ತದೆ.

ತಾಮ್ರ ಮತ್ತು ಜಿಐ ನೇರವಾಗಿ ಸೇರಿದ ಜಾಗ ಇದ್ದರೆ ಅಲ್ಲಿ ಸೋರಿಕೆ ಪದೇ ಪದೇ ಬರುತ್ತದೆ. ನೀರಿನಲ್ಲಿ ಈ ಎರಡು ಲೋಹ ಸೇರಿದರೆ ಸತುವೂ ಕಬ್ಬಿಣವೂ ಬೇಗ ಕರಗುತ್ತವೆ. ನಡುವೆ ಹಿತ್ತಾಳೆಯ ಫಿಟ್ಟಿಂಗೋ, ಎರಡು ಲೋಹ ತಾಗದಂತೆ ತಡೆಯುವ ಡೈಎಲೆಕ್ಟ್ರಿಕ್ ಯೂನಿಯನ್ನೋ ಹಾಕಿ. ಡೈಎಲೆಕ್ಟ್ರಿಕ್ ಯೂನಿಯನ್ ಕರೆಂಟನ್ನೂ ತಡೆಯುತ್ತದೆ, ಹಾಗಾಗಿ ಅರ್ತಿಂಗ್ ವಿಷಯ ಇಲ್ಲೂ ಮೊದಲೇ ನೋಡಿಕೊಳ್ಳಿ.

ರಾತ್ರಿ ಹೊತ್ತು ಸೋರಿದರೆ

ತಾತ್ಕಾಲಿಕಕ್ಕೆ ಎಪಾಕ್ಸಿ ಪುಟ್ಟಿ ಒಳ್ಳೆಯದು. ಆದರೆ ಸೋರುತ್ತಿರುವ ಒದ್ದೆ ಜಾಯಿಂಟಿಗೆ ಮೆತ್ತಿದರೆ ಬೆಳಗಾಗುವಷ್ಟರಲ್ಲಿ ಕಳಚಿ ಬಿದ್ದಿರುತ್ತದೆ. ನೀರು ನಿಲ್ಲಿಸಿ, ಲೋಹ ಕಾಣುವವರೆಗೆ ಉಜ್ಜಿ, ಒಣಗಿಸಿ. ಎರಡು ಬಣ್ಣ ಒಂದಾಗುವವರೆಗೆ ಪುಟ್ಟಿ ನಾದಿ, ಸಂದಿಗೆ ಒತ್ತಿ. ಪ್ಯಾಕೆಟ್ ಮೇಲೆ ಹೇಳಿದಷ್ಟು ಹೊತ್ತು ನೀರು ಬಿಡಬೇಡಿ. ರಬ್ಬರ್ ಪಟ್ಟಿ ಮತ್ತು ಕ್ಲ್ಯಾಂಪ್ ನೇರ ಪೈಪಿನ ತೂತಿಗೆ ಸರಿ, ಎಲ್ಬೋದ ಬಾಯಿಗೆ ಅದು ಕೂರುವುದಿಲ್ಲ.

ನೀರು ಬಿಟ್ಟು ನೋಡುವುದು

ನಲ್ಲಿಗಳ ತುದಿಯ ಜಾಲರಿ ಬಿಚ್ಚಿಡಿ. ಬಡಿತಕ್ಕೆ ಸಡಿಲವಾದ ತುಕ್ಕು ಮೊದಲ ನೀರಿನ ಜೊತೆ ಬರುತ್ತದೆ. ವಾಷಿಂಗ್ ಮಷೀನಿನ ವಾಲ್ವ್ ಸದ್ಯಕ್ಕೆ ಮುಚ್ಚಿರಲಿ. ಮೇನ್ ವಾಲ್ವ್ ಅನ್ನು ಸ್ವಲ್ಪವೇ ತೆರೆದು, ಗಾಳಿ ಬುಸುಗುಟ್ಟುವುದು ನಿಂತ ಮೇಲೆ ನಲ್ಲಿ ಮುಚ್ಚಿ. ಒಮ್ಮೆಗೇ ತೆರೆದರೆ ನೀರಿನ ಹೊಡೆತ ಹಳೆಯ ಜಾಯಿಂಟ್‌ಗಳಿಗೆಲ್ಲ ಬೀಳುತ್ತದೆ. ಒಣ ಟಿಶ್ಯೂ ಹಿಡಿದು ನೀವು ಮಾಡಿದ ಜಾಯಿಂಟನ್ನು ಮಾತ್ರವಲ್ಲ, ಎರಡೂ ಕಡೆಯ ಮುಂದಿನ ಜಾಯಿಂಟ್‌ಗಳನ್ನೂ ನೋಡಿ. ಒಂದು ಗಂಟೆಯ ನಂತರ, ಮಾರನೆಯ ದಿನ ಮತ್ತೆ ನೋಡಿ. ಗೋಡೆ ಒಡೆದಿದ್ದರೆ ಅಲ್ಲಿಯವರೆಗೆ ಸಿಮೆಂಟ್ ಮುಚ್ಚಬೇಡಿ.

ರಿಪೇರಿ ನಿಲ್ಲಿಸುವ ಸಮಯ

ಒಂದು ಜಾಯಿಂಟ್ ಸರಿಮಾಡಿದ ಕೆಲವೇ ತಿಂಗಳಲ್ಲಿ ಪಕ್ಕದ್ದು ಸೋರಿದರೆ, ಬೆಳಗಿನ ಮೊದಲ ನೀರು ಕೆಂಪಗೆ ಬರುತ್ತಿದ್ದರೆ, ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ನೀರು ಸಣ್ಣಗಿದ್ದರೆ ಆ ಲೈನ್ ಪೂರ್ತಿ ಬದಲಾಯಿಸುವ ಲೆಕ್ಕ ಹಾಕಿ. ಕತ್ತರಿಸಿದ ಹಳೆಯ ತುಂಡಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಒಂದು ಭಾಗ ಮಾತ್ರ ಪ್ಲಾಸ್ಟಿಕ್‌ಗೆ ಬದಲಾಯಿಸುವುದಾದರೆ, ಸೇರುವ ಜಾಗಕ್ಕೆ ಹಿತ್ತಾಳೆ ಥ್ರೆಡ್ ಇರುವ ಅಡಾಪ್ಟರ್ ತನ್ನಿ. ಲೋಹದ ಗಂಡು ಥ್ರೆಡ್ ಅನ್ನು ಪ್ಲಾಸ್ಟಿಕ್‌ನ ಹೆಣ್ಣು ಥ್ರೆಡ್‌ಗೆ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ, ಅದೂ ಅವತ್ತೇ ಅಲ್ಲ, ಗೋಡೆ ಮುಚ್ಚಿ ಪೇಂಟ್ ಹೊಡೆದ ಮೇಲೆ.